ಕನ್ನಡಕ ಒರೆಸಿದಾಗ ಎದ್ದ ಹಾಡು

ಎಕುವಾಳ ಬಾಯಿಂದ ಮೊದಲ ಹಾಡು ಹೊರಬಿದ್ದಾಗ ಅವಳಿಗೆ ಮೂವತ್ತನಾಲ್ಕು ವರ್ಷ. ಹೊರಬಿದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ನಂಬದಿದ್ದರೆ ಬಿಡಿ, ಆವತ್ತು ಚರ್ಚಿನಲ್ಲಿದ್ದ ಇನ್ನೂರು ಮಂದಿಯಲ್ಲಿ ಅರ್ಧಕ್ಕರ್ಧ ಜನ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಹೋಗಿ ಕೇಳಿ.

ಪಾದ್ರಿಗಳು ಹುಳಿಹಿಟ್ಟಿನ ಸಾಮ್ಯ ಹೇಳುತ್ತಿದ್ದರು. ಒಬ್ಬ ಹೆಂಗಸು ಚೂರು ಹುಳಿಯನ್ನು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿಟ್ಟಳು, ಹಿಟ್ಟೆಲ್ಲ ಹುಳಿಯಾಯಿತು, ದೇವರ ರಾಜ್ಯ ಅಂದರೆ ಹಾಗೆ, ಅಂತ. ಎಕುವಾ ಏಳು ವರ್ಷದವಳಾಗಿದ್ದಾಗಿನಿಂದ ಮುಸುಕಿನ ಜೋಳದ ಹಿಟ್ಟಿನಲ್ಲಿ ಮೊಳಕೈವರೆಗೂ ಮುಳುಗಿದವಳು. ಹಿಟ್ಟಿಗೆ ಹುಳಿ ಬರಿಸಿ, ಅರ್ಧ ಬೇಯಿಸಿ, ಮುದ್ದೆ ಕಟ್ಟಿ, ಒಣಗಿದ ಬಾಳೆಲೆಯಲ್ಲಿ ಸುತ್ತಿ, ಹಂಡೆಯಲ್ಲಿಟ್ಟು ಬೇಯಿಸುವ ಕೆಂಕಿಯೇ ಅವಳ ಅಮ್ಮನ ಕಸುಬು, ಅಜ್ಜಿಯ ಕಸುಬು. 'ಅಯ್ಯೋ, ದೇವರ ರಾಜ್ಯ ಇಷ್ಟು ವರ್ಷ ನನ್ನ ಹಂಡೆ ಪಕ್ಕದಲ್ಲೇ ಇತ್ತಲ್ಲಪ್ಪಾ' ಅಂತ ಎದೆಯೊಳಗೆ ಏನೋ ಗುಳುಗುಳು ಅಂದಿತು. ಮರುಕ್ಷಣ ನೋಡುತ್ತಾಳೆ, ತಾನು ಎದ್ದು ನಿಂತಿದ್ದಾಳೆ, ಬಾಯಿ ತೆರೆದಿದೆ, ಇಡೀ ಸಭೆ ಸೊಲ್ಲು ಕೊಡುತ್ತಿದೆ, ಪಾದ್ರಿಗಳು ಪ್ರಸಂಗ ಬಿಟ್ಟು ಪೀಠದ ಮೇಲೆ ಹೆಜ್ಜೆ ಹಾಕುತ್ತಿದ್ದಾರೆ.

ನಮ್ಮ ಫಾಂಟೆ ಜನರ ಕರಾವಳಿಯ ಮೆಥಡಿಸ್ಟ್ ಚರ್ಚುಗಳಲ್ಲಿ ಇದು ಹಳೇ ರೂಢಿ. ಗೌನು ತೊಟ್ಟ ಗಾಯನವೃಂದದವರು ಪುಸ್ತಕ ಹಿಡಿದು ಹಾಡುತ್ತಾರೆ, ಹಾಡಲಿ. ಓದು ಬರಹ ಗೊತ್ತಿಲ್ಲದ ಹೆಂಗಸರ ಹಾಡು ಬೇರೆ. ಪ್ರಸಂಗದಲ್ಲಿ ಯಾವುದೋ ಮಾತು ನಾಟಿತು ಅಂದರೆ ಅವರಲ್ಲೊಬ್ಬಳು ಕೂತಲ್ಲಿಂದ ಎದ್ದು ಅದೇ ಮಾತನ್ನು ಹಿಡಿದು ಹಾಡು ಎತ್ತುತ್ತಾಳೆ. ಆಗ ಪಾದ್ರಿ ಎಷ್ಟೇ ದೊಡ್ಡವರಾಗಿರಲಿ, ಬಾಯಿ ಮುಚ್ಚಿ ಕಾಯಬೇಕು. ಹಾಗೆ ತಡೆಸಿಕೊಳ್ಳುವುದೇ ಅವರಿಗೆ ಮರ್ಯಾದೆ. ಯಾರೂ ಅಡ್ಡ ಬರದ ಪ್ರಸಂಗ ಅಂದರೆ ನಮ್ಮ ಲೆಕ್ಕದಲ್ಲಿ ಉಪ್ಪಿಲ್ಲದ ಸಾರು.

ಹುಳಿಹಿಟ್ಟಿನ ಭಾನುವಾರದಿಂದ ಇಪ್ಪತ್ತೈದು ವರ್ಷ ಎಕುವಾ ಎಷ್ಟು ಪಾದ್ರಿಗಳನ್ನು ತಡೆದಳೋ ದೇವರೇ ಬಲ್ಲ. ಅವಳಿಂದ ಅಡ್ಡಿ ಮಾಡಿಸಿಕೊಳ್ಳಲಿಕ್ಕೆಂದೇ ಕೇಪ್ ಕೋಸ್ಟ್ ಪಟ್ಟಣದಿಂದ ಪ್ರಸಂಗಿಗಳು ಬರುತ್ತಿದ್ದರು. ಗಂಡ ತೀರಿಕೊಂಡ ವಾರವೂ ಹಾಡು ಬಂತು, ಮಗಳಿಗೆ ಅವಳಿ ಹುಟ್ಟಿದಾಗಲೂ ಬಂತು. ಒಂದು ಸಲವಂತೂ ಪ್ರಸಂಗಿ "ಪ್ರಿಯ ಸಹೋದರರೇ" ಅನ್ನುವಷ್ಟರಲ್ಲೇ ಬಂದುಬಿಟ್ಟು, ಆ ಬಡಪಾಯಿ ಮುಂದಿನ ಮಾತು ಹೇಳಲಿಕ್ಕೆ ಮುಕ್ಕಾಲು ಗಂಟೆ ಕಾದ. ಹಾಡಿದ ಮೇಲೆ ಎಕುವಾ ಮನೆಗೆ ನಡೆಯುತ್ತಿರಲಿಲ್ಲ, ತೇಲುತ್ತಿದ್ದಳು. ಸೋಮವಾರದ ಕೆಂಕಿ ಕೂಡ ಅವತ್ತು ಹೆಚ್ಚು ಮೆತ್ತಗಿರುತ್ತಿತ್ತು ಅಂತ ತಿಂದವರು ಹೇಳುತ್ತಾರೆ.

ಕೆಟ್ಟದ್ದು ಎಲ್ಲಿ ಅಂದರೆ ಸನ್ಮಾನದಲ್ಲಿ. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, 'ಹಾಡಿನ ತಾಯಿ' ಅಂತ ಗಾಜಿನ ಚೌಕಟ್ಟು ಹಾಕಿದ ಒಂದು ಪತ್ರ ಕೊಟ್ಟು, ಎದುರು ಸಾಲಿನಲ್ಲಿ ಕೆಂಪು ಮೆತ್ತೆಯ ಒಂದು ಕುರ್ಚಿ ಹಾಕಿಸಿ ಕೂರಿಸಿದರು. ಹೋಗುತ್ತಿದ್ದ ಗಾಡಿಯನ್ನು ನಿಲ್ಲಿಸಿ ಹಾರ ಹಾಕಿದ ಹಾಗೆ! ಮುಂದಿನ ಭಾನುವಾರದಿಂದಲೇ ಎಕುವಾಳಿಗೆ ಪ್ರಸಂಗ ಕೇಳಿಸುವುದು ನಿಂತಿತು. ಕಿವಿ ಚೆನ್ನಾಗಿಯೇ ಇತ್ತು. ಆದರೆ ತಲೆಯೊಳಗೆ 'ಇವತ್ತು ಹಾಡಬೇಕು, ಎಲ್ಲರೂ ನೋಡ್ತಿದ್ದಾರೆ, ಯಾವಾಗ ಏಳಲಿ' ಅನ್ನುವ ಗಲಾಟೆ. ಹೊಸ ಹಾಡು ಬರಲಿಲ್ಲ. ಹಳೆಯದನ್ನೇ ಮಗುಚಿ ಹಾಕಿದಳು. ಸಭೆ ಸೊಲ್ಲು ಕೊಟ್ಟಿತು, ಪಾದ್ರಿ ಕುಣಿದರು, ಯಾರಿಗೂ ಏನೂ ಗೊತ್ತಾಗಲಿಲ್ಲ. ಬಾಯಿ ಹಾಡುತ್ತಿತ್ತು, ಮನಸ್ಸು ಗೋಡೆ ಗಡಿಯಾರ ನೋಡುತ್ತಿತ್ತು.

ಹೀಗೆ ಒಂದು ವರ್ಷಕ್ಕೂ ಮೇಲೆ. ಕಡೆಗೆ ಹಳೆಯದನ್ನು ಎತ್ತಲಿಕ್ಕೂ ನಾಚಿಕೆಯಾಗಿ ಸುಮ್ಮನಾದಳು. ಗಂಟಲು ಕೆಟ್ಟಿದೆ ಅಂದಳು, ಚಳಿ ಅಂದಳು. ಈ ಕಡಲತೀರದಲ್ಲಿ ಎಲ್ಲಿಯ ಚಳಿ! ಒಳಗೊಳಗೇ ಅವಳಿಗೆ ಹೆದರಿಕೆ ಹತ್ತಿತ್ತು. ಹಾಡು ಹೋದರೆ ಹೋಗಲಿ, ಹಾಡು ಕೊಡುತ್ತಿದ್ದವನೇ ಎದ್ದು ಹೋದನೇನೋ, ಹೇಳದೆ ಕೇಳದೆ ಹೋದನೇನೋ ಅಂತ ಯೋಚಿಸಿ ಹಂಡೆಯ ಮುಂದೆ ಕೂತು ಅಳುತ್ತಿದ್ದಳು. ಕೇಳಿದವರಿಗೆ ಹೊಗೆ ಅನ್ನುತ್ತಿದ್ದಳು.

ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಮೊದಲು ಉಪವಾಸ ಹಿಡಿದಳು. ಮೂರು ಹೊತ್ತೂ ಕೆಂಕಿಯ ಘಮಘಮ ಆವಿಯಲ್ಲಿ ನಿಂತು ಉಪವಾಸ ಮಾಡುವುದು ಏನು ಹುಡುಗಾಟವೇ? ಎಂಟನೇ ದಿನ ಸೊಂಟಕ್ಕೆ ಸುತ್ತಿದ ಬಟ್ಟೆ ಜಾರತೊಡಗಿತು.

"ಹಿಡ್ಕೊಳ್ಳೇ, ಹಿಡ್ಕೋ!" ಅಂತ ಕೂಗಿದಳು ಪಕ್ಕದ ಅಂಗಡಿಯ ಕ್ವನ್ಸಿಮಾ. "ಗಿರಾಕಿ ಬಂದಿರೋದು ಕೆಂಕಿ ನೋಡೋಕೆ ಕಣೇ!"

ಈ ಕ್ವನ್ಸಿಮಾ ಮೀನು ಕರಿದು ಮಾರುವವಳು. ಕೆಂಕಿ ಕೊಂಡವರು ಮೀನು ಕೊಳ್ಳಲೇಬೇಕು, ಮೀನು ಕೊಂಡವರಿಗೆ ಕೆಂಕಿ ಬೇಕೇ ಬೇಕು. ಹಾಗಾಗಿ ಇಬ್ಬರೂ ನಲವತ್ತು ವರ್ಷದಿಂದ ಅಂಟಿಕೊಂಡೇ ಇದ್ದಾರೆ, ಜಗಳವಾಡಿಕೊಂಡೇ ಇದ್ದಾರೆ.

"ನಂಗೆ ಒಳಗೆ ತಣ್ಣಗಾಗಿದೆ ಕ್ವನ್ಸಿಮಾ," ಅಂದಳು ಎಕುವಾ, ಬಟ್ಟೆ ಬಿಗಿ ಮಾಡಿಕೊಳ್ಳುತ್ತಾ.

"ಊಟ ಮಾಡು, ಬಿಸಿಯಾಗುತ್ತೆ."

"ಅದಲ್ವೇ. ಪ್ರಾರ್ಥನೆಗೆ ಕೂತ್ರೆ ಗೋಡೆ ಜೊತೆ ಮಾತಾಡ್ದಂಗೆ ಆಗುತ್ತೆ."

"ಗೋಡೆ ತಿರುಗಿ ಬೈಯಲ್ಲವಲ್ಲ, ಪುಣ್ಯ ಅಂದ್ಕೋ. ನಾನು ನಲವತ್ತು ವರ್ಷದಿಂದ ನಿನ್ನ ಜೊತೆ ಮಾತಾಡ್ತಿದ್ದೀನಿ."

ಉಪವಾಸ ಫಲ ಕೊಡದಿದ್ದಾಗ ಮುಂಜಾನೆ ಕಡಲತೀರದಲ್ಲಿ ಪ್ರಾರ್ಥನೆ ಶುರು ಮಾಡಿದಳು. ಕೈಯೆತ್ತಿ ಕಣ್ಣು ಮುಚ್ಚಿ ನಿಂತವಳನ್ನು ಬೆಸ್ತರು, ತಮ್ಮನ್ನೇ ಕರೆಯುತ್ತಿದ್ದಾಳೆ ಅಂದುಕೊಂಡು ದೋಣಿ ತಿರುಗಿಸಿ ವಾಪಸು ಬಂದರು. ಬಂದವರು ಏನಾಯಿತು ಅಂತ ಕೇಳಿದರೆ ಇವಳು, "ದೇವರನ್ನ ಕರೀತಿದ್ದೆ, ನಿಮ್ಮನ್ನಲ್ಲ" ಅಂದಳು. ಅವರು ಅವಳಿಗೆ ಏನೇನು ಅಂದರೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಅವಳು, ಕಡಲಿಗೆ ರಜೆಯಿದ್ದು ದೋಣಿ ಇಳಿಯದ ಮಂಗಳವಾರ ಮಾತ್ರ ತೀರಕ್ಕೆ ಹೋದಳು.

ಅದೂ ಆಗಲಿಲ್ಲ ಅಂತ ಒಂದು ಬುಧವಾರ ತಲೆಗೆ ಬಟ್ಟೆ ಮುಸುಕು ಹಾಕಿಕೊಂಡು, ರಸ್ತೆಯಾಚೆ ಹೊಸದಾಗಿ ಬಂದಿದ್ದ ತಗಡಿನ ಚರ್ಚಿಗೆ ಕದ್ದು ಹೋದಳು. ಅಲ್ಲಿ ಆಳೆತ್ತರದ ಧ್ವನಿವರ್ಧಕಗಳು, ಪಾಸ್ಟರು ಹಣೆ ಮುಟ್ಟಿದರೆ ಸಾಕು ಆತ್ಮ ಇಳಿಯಿತು ಅಂತ ಜನ ದಬದಬ ಬೀಳುತ್ತಾರೆ. ಎಕುವಾ ಸಾಲಿನಲ್ಲಿ ನಿಂತಳು. ಹಣೆ ಮುಟ್ಟಿದರು, ಅವಳು ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರು, ಹಂಡೆ ಎತ್ತಿ ಎತ್ತಿ ಗಟ್ಟಿಯಾದ ಕಾಲು, ಬೀಳುವುದುಂಟೇ! ಮೂರನೇ ಸಲ ಪಾಸ್ಟರ ಹಣೆಯ ಬೆವರು ನೋಡಿ ಪಾಪ ಅನ್ನಿಸಿ ತಾನಾಗಿಯೇ ಹಿಂದಕ್ಕೆ ಬಿದ್ದಳು. ಬಿದ್ದದ್ದು ಡ್ರಮ್ಮಿನ ಮೇಲೆ. ಆ ಸದ್ದಿಗೆ ಸಭೆಯೆಲ್ಲ "ಹಲ್ಲೆಲೂಯ" ಅಂತು. ಯಾರೋ ಮೊಬೈಲಿನಲ್ಲಿ ಹಿಡಿದುಬಿಟ್ಟರು, ಮರುದಿನ ಬೆಳಿಗ್ಗೆಗೆ ಅದು ಕ್ವನ್ಸಿಮಾಳ ಕೈ ಸೇರಿತ್ತು. ಒಂದು ವಾರ ಕ್ವನ್ಸಿಮಾ ಮೀನು ಕೊಂಡವರಿಗೆಲ್ಲ ಅದನ್ನು ಪುಕ್ಕಟೆ ತೋರಿಸಿದಳು.

ಅದೇ ಹೊತ್ತಿಗೆ ನಮ್ಮ ಚರ್ಚಿಗೆ ಹೊಸ ಪಾದ್ರಿ ಬಂದರು. ಹೆಸರು ಎಬೊ ಬೆಂಟ್ಸಿಲ್, ಇಪ್ಪತ್ತೊಂಬತ್ತರ ಹುಡುಗ, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಟೈಪು ಮಾಡಿದ ಹದಿನಾಲ್ಕು ಹಾಳೆ. ಒಳ್ಳೆಯವನೇ ಪಾಪ. ಆದರೆ ಹಾಳೆಯಿಂದ ಕಣ್ಣು ಮೇಲೆತ್ತುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವರ ಪ್ರಸಂಗಕ್ಕೆ ಅಡ್ಡ ಬಂದದ್ದು ಒಂದು ಆಡು ಮಾತ್ರ.

ಒಂದು ಶನಿವಾರ ಮಧ್ಯಾಹ್ನ ಎಬೊ ಪಾದ್ರಿ ಎಕುವಾಳ ಒಲೆಯ ಹತ್ತಿರ ಬಂದು ಮಣೆ ಎಳೆದುಕೊಂಡು ಕೂತರು.

"ಮಾಮೆ, ನನ್ನ ಮಾತು ಯಾರಿಗೂ ನಾಟ್ತಿಲ್ಲ," ಅಂದರು, ಹೆತ್ತವಳನ್ನು ಕರೆಯುವ ಹಾಗೆ. "ನೀವು ಎಂಥೆಂಥವರಿಗೋ ಹಾಡು ಎತ್ತಿದ್ದೀರಂತೆ. ನನಗೆ ಯಾಕೆ ಇಲ್ಲ? ನನ್ನಲ್ಲಿ ದೇವರು ಇಲ್ವಾ?"

ಎಕುವಾ ಬಾಳೆಲೆ ಕೆಳಗಿಟ್ಟಳು. ಇದೇ ಪ್ರಶ್ನೆಯನ್ನು ಅವಳು ಎರಡು ವರ್ಷದಿಂದ ಹಂಡೆಗೆ ಕೇಳುತ್ತಿದ್ದಳು.

"ನಿಮ್ಮ ಮಾತಲ್ಲಿ ಊನ ಇಲ್ಲ, ಒಸೋಫೊ," ಅಂದಳು. ನಮ್ಮಲ್ಲಿ ಪಾದ್ರಿಗಳನ್ನು ಕರೆಯುವುದೇ ಹಾಗೆ. "ನನ್ನ ಚರ್ಮ ದಪ್ಪ ಆಗಿದೆ. ನಾಟೋ ಜಾಗಾನೇ ಇಲ್ಲ."

ಕಡೆಗೆ ಅಲ್ಲೇ ಒಂದು ಉಪಾಯ ಹುಟ್ಟಿತು. ಆ ಉಪಾಯ ಮೊದಲು ಹೊಳೆದದ್ದು ಯಾರಿಗೆ ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಇಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ಪಾದ್ರಿ ಶನಿವಾರ ಬಂದು ನಾಳೆಯ ಪ್ರಸಂಗ ಯಾವುದು ಅಂತ ಹೇಳುವುದು. ಎಕುವಾ ರಾತ್ರಿ ಕೂತು ಅದಕ್ಕೆ ತಕ್ಕ ಹಾಡು ಕಟ್ಟುವುದು. ಭಾನುವಾರ ಸರಿಯಾದ ಜಾಗ ಬಂದಾಗ ಪಾದ್ರಿ ಕನ್ನಡಕ ತೆಗೆದು ಒರೆಸುವುದು. ಕನ್ನಡಕ ಇಳಿದ ಕೂಡಲೇ ಎಕುವಾ ಏಳುವುದು.

"ಇದು ಮೋಸ ಅಲ್ವಾ ಮಾಮೆ?"

"ಒಲೆ ಹತ್ತದಿದ್ರೆ ಸೀಮೆಎಣ್ಣೆ ಹಾಕ್ತೀವಲ್ಲ, ಹಂಗೆ. ಒಂದ್ಸಲ ಹತ್ಕೊಂಡ್ರೆ ಆಮೇಲೆ ತಾನೇ ಉರಿಯುತ್ತೆ."

ಹತ್ತಿಕೊಂಡದ್ದೇನೋ ಹತ್ತಿಕೊಂಡಿತು, ಆದರೆ ಸಭೆಗೆ! ಮೊದಲ ಭಾನುವಾರ ನೋಹನ ಹಡಗು. ಕನ್ನಡಕ ಇಳಿಯಿತು, ಎಕುವಾ ಎದ್ದಳು, ಸಭೆ ಗುಡುಗಿತು. ಎರಡನೇ ಭಾನುವಾರ ಬೆಂಚು ಮುರಿಯಿತು. ಮೂರನೆಯದಕ್ಕೆ ಪಕ್ಕದ ಊರಿನವರು ಬಾಡಿಗೆ ವ್ಯಾನು ಮಾಡಿಕೊಂಡು ಬಂದರು. ಎಬೊ ಪಾದ್ರಿಯ ಮುಖ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಎಕುವಾ ಮಾತ್ರ ಆರಾಧನೆಯುದ್ದಕ್ಕೂ ಆ ಎರಡು ಗಾಜುಗಳನ್ನೇ ಬೆಕ್ಕು ಇಲಿಬಿಲ ನೋಡುವ ಹಾಗೆ ನೋಡುತ್ತಾ ಕೂರುತ್ತಿದ್ದಳು. ಪ್ರಸಂಗದ ಒಂದು ಅಕ್ಷರವೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಊರೆಲ್ಲ ಕುಣಿಯುವ ಮದುವೆಯಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳ ಹಾಗೆ ಅವಳೊಬ್ಬಳೇ ಹೊರಗುಳಿದಳು. ಆ ವಾರಗಳಲ್ಲಿ ಅವಳಷ್ಟು ದುಃಖಿ ನಮ್ಮ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ.

ಆ ಊರಿನಲ್ಲಿ ಬೆಂಕಿ ಬಿದ್ದಿದೆ, ಪವಿತ್ರಾತ್ಮ ಸುರಿಯುತ್ತಿದ್ದಾನೆ ಅನ್ನುವ ಸುದ್ದಿ ಸುತ್ತಮುತ್ತಲ ಚರ್ಚುಗಳ ಮೇಲಿನ ದೊಡ್ಡ ಪಾದ್ರಿ ಅಮಿಸಾ ಅವರ ಕಿವಿಗೂ ಬಿತ್ತು. ಆರನೇ ಭಾನುವಾರ ಯಾರಿಗೂ ಹೇಳದೆ ಕಾರಿನಿಂದ ಇಳಿದರು. ಆನೆಯಂಥ ದೇಹ, ಗುಡುಗಿನಂಥ ಗಂಟಲು.

"ಎಬೊ, ಇವತ್ತು ನೀನು ಕೂತ್ಕೋ, ನಾನೇ ಪ್ರಸಂಗ ಮಾಡ್ತೀನಿ," ಅಂದರು. "ನಿನ್ನ ಬೆಂಕೀಲಿ ನಾನೂ ಒಂಚೂರು ಕೈ ಕಾಯಿಸ್ಕೊಳ್ತೀನಿ."

ಎಬೊ ಪಾದ್ರಿಗೆ ಇಂಗು ತಿಂದ ಮಂಗನ ಸ್ಥಿತಿ. ಪೀಠದ ಹಿಂದಿನ ಕುರ್ಚಿಯಲ್ಲಿ ಕೂತರು. ಎದುರಿಗೆ ಎಕುವಾ, ಹೊಟ್ಟೆಯೊಳಗೆ ಶನಿವಾರ ಕಟ್ಟಿದ ಯೋನನ ಹಾಡು. ದೊಡ್ಡ ಮೀನು ಯೋನನನ್ನು ನುಂಗಿದ ಕತೆ ಅವತ್ತಿನದಾಗಬೇಕಿತ್ತು. ದೊಡ್ಡ ಪಾದ್ರಿ ಬಂದದ್ದನ್ನು ಅವಳೂ ನೋಡಿದ್ದಳು. ಆದರೆ ಹಿಂದಿನ ದಿನ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ನಿಂತು, ರಾತ್ರಿಯೆಲ್ಲ ಹಾಡು ಕಟ್ಟಿ, ಅವಳ ತಲೆ ಅರ್ಧ ನಿದ್ದೆಯಲ್ಲಿತ್ತು. ಕಣ್ಣು ಮಾತ್ರ ಅಭ್ಯಾಸ ಬಲದಿಂದ ಎಬೊ ಪಾದ್ರಿಯ ಕನ್ನಡಕಕ್ಕೆ ಅಂಟಿಕೊಂಡಿತ್ತು.

ಪ್ರಸಂಗಕ್ಕೆ ಮೊದಲು ದೊಡ್ಡ ಪಾದ್ರಿ, ಮದುವೆಗೆ ಮುಂಚೆ ಮೂರು ಭಾನುವಾರ ಓದಬೇಕಾದ ಪ್ರಕಟಣೆ ಓದಲು ನಿಂತರು. ಕ್ವಾಮಿನಾ ಅನ್ನುವ ಟ್ಯಾಕ್ಸಿ ಡ್ರೈವರನಿಗೂ, ಊರಿಗೆ ದೊಡ್ಡ ಮೀನು ವ್ಯಾಪಾರಿಯ ಮಗಳು ಮನ್ಸಾಳಿಗೂ ಮುಂದಿನ ಶನಿವಾರ ಮದುವೆ. ಹುಡುಗ ಹುಡುಗಿ ಮೂರನೇ ಸಾಲಿನಲ್ಲಿ ಹೊಸ ಬಟ್ಟೆ ತೊಟ್ಟು ಕೂತಿದ್ದರು, ಪಕ್ಕದಲ್ಲಿ ಹುಡುಗಿಯ ತಾಯಿ, ಹುಡುಗನ ಭಾವಿ ಅತ್ತೆ, ಕೊಬ್ಬಿದ ಹಂಸದ ಹಾಗೆ.

"ಇದು ಮೂರನೆಯ ಹಾಗೂ ಕೊನೆಯ ಸಲ," ಅಂತ ದೊಡ್ಡ ಪಾದ್ರಿ ಗುಡುಗಿದರು. "ಇವರಿಬ್ಬರೂ ಮದುವೆಯಾಗಬಾರದು ಅನ್ನೋದಕ್ಕೆ ಯಾರಿಗಾದರೂ ಕಾರಣ ಗೊತ್ತಿದ್ದರೆ ಈಗಲೇ ಹೇಳಬೇಕು."

ಸಭೆ ಗಪ್ಪಾಯಿತು. ಆ ನಿಶ್ಶಬ್ದದಲ್ಲಿ, ಹಿಂದೆ ಕೂತ ಎಬೊ ಪಾದ್ರಿ, ಹೆದರಿ ಬೆವರಿ ಗಾಜು ಮಂಜಾಗಿ, ಕನ್ನಡಕ ತೆಗೆದು ಒರೆಸಿಕೊಂಡರು.

ಎಕುವಾಳ ಕಾಲು ತಾನಾಗಿ ಎದ್ದಿತು. ಗಂಟಲು ತಾನಾಗಿ ತೆರೆಯಿತು.

"ಮೀನಿನ ಹೊಟ್ಟೇಲಿ ಸಿಕ್ಕೊಂಡೆ, ಕರ್ತನೇ!
ಬಾಗಿಲು ಕಾಣೆ, ಕಿಟಕಿ ಕಾಣೆ!"

ಇನ್ನೂರು ಗಂಟಲು, ಅವೂ ಅಭ್ಯಾಸ ಬಲದಿಂದಲೇ, ಸೊಲ್ಲು ಹಿಡಿದವು. "ಹೊರಗೆಳೆ ಕರ್ತನೇ, ಹೊರಗೆಳೆ!" ಎಲ್ಲರಿಗಿಂತ ಜೋರಾಗಿ, ಕಣ್ಣು ಮುಚ್ಚಿ, ಎದೆ ಬಡಿದುಕೊಂಡು ಹಾಡಿದವನು ಮದುಮಗ ಕ್ವಾಮಿನಾ. ಮನ್ಸಾ ಅವನ ತೊಡೆಯನ್ನು ಹಿಂಡಿದ ಹಿಂಡಿಗೆ ಅವನ ಕೊನೆಯ "ಹೊರಗೆಳೆ" ಮೇಲಿನ ಸ್ವರ ಮುಟ್ಟಿ ವಾಪಸು ಬಂತು. ಭಾವಿ ಅತ್ತೆ ಎದ್ದು ನಿಂತಳು. ಗಾಯನವೃಂದದವರು ಗೌನಿನ ತೋಳನ್ನು ಬಾಯಿಗೆ ತುರುಕಿಕೊಂಡರು. ಎಬೊ ಪಾದ್ರಿಗೆ ಕನ್ನಡಕವಿಲ್ಲದೆ ಎದುರಿಗೆ ಏನೂ ಕಾಣದು. ಹಾಡು ಕೇಳಿ ಗಾಬರಿಯಿಂದ ಗಾಜನ್ನು ಇನ್ನೂ ಜೋರಾಗಿ ಒರೆಸತೊಡಗಿದರು. ಎಕುವಾ ಅದನ್ನು ನೋಡಿ, ಇನ್ನೂ ಬೇಕೇನೋ ಅಂದುಕೊಂಡು ಎರಡನೇ ಚರಣವನ್ನೂ ಎತ್ತಿಬಿಟ್ಟಳು!

ಆಮೇಲೆ ನಗು ಒಡೆಯಿತು ನೋಡಿ. ಜನ ಬೆಂಚಿನಿಂದ ಜಾರಿದರು. ಮುದುಕರು ಕೋಲು ಕೈಬಿಟ್ಟರು. ಆ ನಗುವಿನ ಸದ್ದಿಗೆ ಎಕುವಾಳಿಗೆ ಪೂರ್ತಿ ಎಚ್ಚರವಾಯಿತು. ದೊಡ್ಡ ಪಾದ್ರಿಯ ಕೈಯಲ್ಲಿ ಪ್ರಕಟಣೆಯ ಹಾಳೆ, ಎದುರಿಗೆ ಕೆಂಡವಾದ ಅತ್ತೆ. ಏನಾಯಿತು ಅಂತ ಅವಳಿಗೆ ತಿಳಿಯಿತು.

ದೊಡ್ಡ ಪಾದ್ರಿ ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದರು. "ಮಾಮೆ," ಅಂದರು ಬಹಳ ಗಂಭೀರವಾಗಿ, "ಇದು ಆಕ್ಷೇಪಣೆಯೋ, ಸ್ತೋತ್ರವೋ?"

ಅವಳು ಸುಳ್ಳು ಹೇಳಿ ಪಾರಾಗಬಹುದಿತ್ತು. ಆತ್ಮ ಪ್ರೇರೇಪಿಸಿತು ಅಂದಿದ್ದರೆ ಯಾರು ಕೇಳುತ್ತಿದ್ದರು? ಬೇಕಾದರೆ ಮದುವೆಯನ್ನೇ ಮುಂದಕ್ಕೆ ಹಾಕುತ್ತಿದ್ದರು. ಆದರೆ ಎಕುವಾಳಿಗೆ ಸಾಕಾಗಿತ್ತು.

"ಎರಡೂ ಅಲ್ಲ, ಒಸೋಫೊ," ಅಂದಳು. "ಹುಡುಗ ಬಂಗಾರದಂಥವನು, ಹುಡುಗಿಯೂ ಅಷ್ಟೇ. ಮದುವೆ ಆಗಲಿ. ಈ ಹಾಡು ನಿನ್ನೆ ರಾತ್ರಿ ಒಲೆ ಹತ್ರ ಕೂತು ಕಟ್ಟಿದ್ದು. ಹೋದ ವಾರದ್ದೂ ಹಂಗೇ. ಅದರ ಹಿಂದಿಂದೂ ಹಂಗೇ. ಎರಡು ವರ್ಷ ಆಯ್ತು ನಂಗೆ ಹಾಡು ಬಂದು. ಒಳಗೆ ಏನೂ ಇಲ್ಲ. ನಿಮ್ಮೆಲ್ಲರ ಮುಂದೆ ಖಾಲಿ ಹಂಡೆ ಇಟ್ಕೊಂಡು ಸೌಟು ಆಡಿಸ್ತಿದ್ದೆ. ಬೆಂಕಿ ಬಿದ್ದಿದೆ ಅಂತ ನೀವು ಅಷ್ಟು ದೂರದಿಂದ ಬಂದ್ರಿ. ಬೆಂಕಿ ಇಲ್ಲ. ಕ್ಷಮಿಸಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರೂ ಹೆಸರೆತ್ತುವ ಮೊದಲೇ ಎಬೊ ಪಾದ್ರಿ ಎದ್ದು ನಿಂತಿದ್ದರು. "ನಾನೂ," ಅಂದರು. "ಕನ್ನಡಕ ನಂದು."

ಅದರ ಅರ್ಥ ಯಾರಿಗೂ ಆಗಲಿಲ್ಲ. ಅವರು ಬಿಡಿಸಿ ಹೇಳಿದರು. ಶನಿವಾರದ ಮಾತು, ಗಾಜು ಒರೆಸುವ ಸನ್ನೆ, ಎಲ್ಲ. ಹೇಳುವಾಗ ಕೈಯಲ್ಲಿ ಒಂದೇ ಒಂದು ಹಾಳೆ ಇರಲಿಲ್ಲ, ಕಣ್ಣು ತುಂಬಿತ್ತು, ಬಂದ ಮೇಲೆ ಮೊದಲ ಸಲ ಜನ ಅವರ ಮಾತು ಬಾಯಿಬಿಟ್ಟು ಕೇಳಿದರು.

ಎಕುವಾ ಚೀಲ ತೆಗೆದುಕೊಂಡು ನಡುದಾರಿಯಲ್ಲಿ ಬಾಗಿಲ ಕಡೆ ಹೊರಟಳು. ಇನ್ನು ಇಲ್ಲಿ ತನಗೇನಿದೆ? ಇಪ್ಪತ್ತೇಳು ವರ್ಷದ ಹಿಂದೆ ಹುಟ್ಟಿದ ಹಾಡಿನವಳು ಇವತ್ತು ಸತ್ತಳು ಅನ್ನಿಸಿತು ಅವಳಿಗೆ. ಯಾರ ಮುಖವನ್ನೂ ನೋಡಲಿಲ್ಲ. ಕೊನೆಯ ಬೆಂಚಿನ ಹತ್ತಿರ ಯಾರೋ ದಾರಿಗಡ್ಡ ನಿಂತರು. ತಲೆಯೆತ್ತಿದರೆ ಕ್ವನ್ಸಿಮಾ.

"ಬಿಡೇ, ಹೋಗ್ತೀನಿ," ಅಂದಳು ಎಕುವಾ. "ನಾಳೆ ಅಂಗಡೀಲಿ ನಗುವಂತೆ."

ಕ್ವನ್ಸಿಮಾ ಬಾಯಿ ತೆರೆದಳು. ಬೈಯುತ್ತಾಳೆ ಅಂದುಕೊಂಡರು ಎಲ್ಲ. ಬಂದದ್ದು ಹಾಡು.

ಹಾಡು ಅಂತ ಮರ್ಯಾದೆಗೆ ಅಂದೆ. ತಳ ಹತ್ತಿದ ಬಾಣಲೆಯನ್ನು ಇಟ್ಟಿಗೆ ಚೂರಿನಲ್ಲಿ ಕೆರೆದರೆ ಹೇಗೋ ಹಾಗಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಾಯನವೃಂದದ ಮೇಷ್ಟರು, "ನೀನು ತುಟಿ ಮಾತ್ರ ಆಡಿಸಮ್ಮ" ಅಂದದ್ದಕ್ಕೆ ಅವತ್ತಿನಿಂದ ಚರ್ಚಿನಲ್ಲಿ ತುಟಿ ಮಾತ್ರ ಆಡಿಸಿಕೊಂಡು ಬಂದವಳು. ಅಂಥವಳು ನಡುದಾರಿಯಲ್ಲಿ ಎರಡೂ ಕೈ ಚಾಚಿ ನಿಂತು, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತಾ ಕೂಗುತ್ತಿದ್ದಾಳೆ:

"ಇವಳೂ ಸುಳ್ಳಿ, ಕರ್ತನೇ, ನಾನೂ ಸುಳ್ಳಿ,
ನಿಂಗೆ ಮೊದಲೇ ಗೊತ್ತಿತ್ತು!
ಗೊತ್ತಿದ್ದೇ ಕರೆದೆ, ಗೊತ್ತಿದ್ದೇ ಕರೆದೆ!"

ಎಕುವಾಳಿಗೆ ಎದೆಯಲ್ಲಿ ಚುಳ್ಳೆಂದಿತು. ಗೊತ್ತಿದ್ದೇ ಕರೆದೆ. ಒಲೆ ಮುಂದೆ ಅತ್ತದ್ದು ಗೊತ್ತಿತ್ತು. ಡ್ರಮ್ಮಿನ ಮೇಲೆ ಬಿದ್ದದ್ದು ಗೊತ್ತಿತ್ತು. ಯೋನನ ಹಾಡು ಕಟ್ಟುತ್ತಿದ್ದಾಗಲೂ ಪಕ್ಕದಲ್ಲೇ ಕೂತು ನೋಡುತ್ತಿದ್ದನೋ ಏನೋ, ಪುಣ್ಯಾತ್ಮ, ಒಂದು ಮಾತು ಆಡದೆ! ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ.

"ಗೊತ್ತಿದ್ದೇ ಕರೆದೆ!" ಅಂತ ಸೊಲ್ಲು ಕೊಟ್ಟವಳು ಎಕುವಾ. ಚೀಲ ಕೈಯಿಂದ ಬಿತ್ತು. ಇಪ್ಪತ್ತೇಳು ವರ್ಷ ಹಾಡು ಎತ್ತಿದವಳು ಇನ್ನೊಬ್ಬಳ ಹಾಡಿಗೆ ಓಗೊಟ್ಟದ್ದು ಅದೇ ಮೊದಲು. ಹಿಂದೆಯೇ ಎಬೊ ಪಾದ್ರಿಯ ದನಿ, ಅದರ ಹಿಂದೆ ಮೂರನೇ ಸಾಲು, ಅದರ ಹಿಂದೆ ಇಡೀ ಚರ್ಚು. ಭಾವಿ ಅತ್ತೆ ಬಿಳಿ ಕರವಸ್ತ್ರ ಬೀಸುತ್ತಾ ನಡುದಾರಿಗೆ ಇಳಿದಳು. ಗಾಯನವೃಂದದವರು ಪುಸ್ತಕ ಬೆಂಚಿನ ಕೆಳಗೆ ತಳ್ಳಿದರು. ಕ್ವಾಮಿನಾ ಮನ್ಸಾಳ ಕೈ ಹಿಡಿದು, "ನಾನೂ ಸುಳ್ಳ, ಕರ್ತನೇ" ಅಂತ ಒಂದು ಚರಣ ಸೇರಿಸಿದ, "ಏನು ಸುಳ್ಳು ಹೇಳಿದ್ದೀಯೋ?" ಅಂತ ಮನ್ಸಾ ಕುಣಿಯುತ್ತಲೇ ವಿಚಾರಣೆ ಶುರು ಮಾಡಿದಳು. ದೊಡ್ಡ ಪಾದ್ರಿ ಅಮಿಸಾ ನಿಲುವಂಗಿ ಎತ್ತಿಕಟ್ಟಿ ಪೀಠದಿಂದ ಇಳಿದರೆ ನೆಲ ಧಡಧಡ ಅಂದಿತು. ಕ್ವನ್ಸಿಮಾ ಒಂದು ಸ್ವರವನ್ನೂ ಸರಿಯಾಗಿ ಮುಟ್ಟಲಿಲ್ಲ, ಒಂದು ಮಾತನ್ನೂ ತಪ್ಪಲಿಲ್ಲ.

ಎಷ್ಟು ಹೊತ್ತು ನಡೆಯಿತೋ. ಕೊನೆಗೆ ಎಲ್ಲರೂ ಏದುಸಿರು ಬಿಡುತ್ತಾ ಕೈಗೆ ಸಿಕ್ಕ ಜಾಗದಲ್ಲಿ ಕೂತರು. ಎಕುವಾ ಹಿಂದಿನ ಬೆಂಚಿನಲ್ಲೇ ಕ್ವನ್ಸಿಮಾಳನ್ನು ಒತ್ತರಿಸಿ ಕೂತಳು. ಅವಳಿಗೆ ತಲೆ ಸುತ್ತುತ್ತಿತ್ತು, ನಗು ಬರುತ್ತಿತ್ತು, ಕಾರಣವಿಲ್ಲದೆ ಪಕ್ಕದವರಿಗೆಲ್ಲ ಚಿವುಟಬೇಕು ಅನ್ನಿಸುತ್ತಿತ್ತು.

"ನಂಗೇನಾಯ್ತೇ?" ಅಂತ ಕ್ವನ್ಸಿಮಾ ಒಡೆದ ಗಂಟಲಲ್ಲಿ ಪಿಸುಗುಟ್ಟಿದಳು. "ನಾನು ಎದ್ದಿದ್ದು ನಿನ್ನ ಕೆನ್ನೆಗೆ ಎರಡು ಬಾರಿಸೋಕೆ. ಬಾಯಿಂದ ಇದ್ಯಾಕೆ ಬಂತು?"

"ಅದು ಹಂಗೇ ಬರೋದು ಕಣೇ," ಅಂದಳು ಎಕುವಾ.

"ನಿಂಗೆ ಹೊಟ್ಟೆಕಿಚ್ಚು ಆಗ್ಲಿಲ್ವಾ?"

"ಆಯ್ತು. ಅರ್ಧ ನಿಮಿಷ. ಆಮೇಲೆ ಮರ್ತೋಯ್ತು."

ದೊಡ್ಡ ಪಾದ್ರಿ ಪೀಠ ಹತ್ತಿ, ಬೆವರು ಒರೆಸಿಕೊಂಡು, ಬೈಬಲ್ ತೆರೆದರು. ಎಕುವಾ ಕಿವಿಗೊಟ್ಟಳು. ಇವತ್ತು ಅವಳು ಏಳಬೇಕಾದ್ದಿರಲಿಲ್ಲ, ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲಿ ಏಳುವುದು ಅಂತ ಲೆಕ್ಕ ಹಾಕುವ ಕೆಲಸವಿರಲಿಲ್ಲ. ಸುಮ್ಮನೆ ಕೂತು ಕೇಳಬಹುದಿತ್ತು, ಬೇರೆಯವರ ಹಾಗೆ.

"ಒಬ್ಬ ಮನುಷ್ಯನಿಗೆ," ಅಂತ ದೊಡ್ಡ ಪಾದ್ರಿ ನಿಧಾನವಾಗಿ ಓದಿದರು, "ಇಬ್ಬರು ಗಂಡುಮಕ್ಕಳಿದ್ದರು."

ಆಸ್ತಿಯೆಲ್ಲ ಪೋಲುಮಾಡಿ ವಾಪಸು ಬಂದ ಮಗನನ್ನು ಅಪ್ಪ ಓಡಿಹೋಗಿ ತಬ್ಬಿಕೊಳ್ಳುವ ಆ ಕತೆಯನ್ನು ಅವಳು ಮುನ್ನೂರು ಸಲ ಕೇಳಿದ್ದಳು. ಕಿರಿಯವನು ಇನ್ನೂ ಮನೆ ಬಿಟ್ಟಿರಲಿಲ್ಲ. ಇನ್ನೂ ಏನನ್ನೂ ಹಾಳುಮಾಡಿರಲಿಲ್ಲ, ಹಂದಿ ಮೇಯಿಸಲು ಹೋಗಿರಲಿಲ್ಲ, ಅಪ್ಪ ದಾರಿ ನೋಡುತ್ತಾ ಬಾಗಿಲಲ್ಲಿ ನಿಂತಿರಲಿಲ್ಲ. ಅಪ್ಪನಿಗೆ ಇಬ್ಬರು ಮಕ್ಕಳಿದ್ದರು ಅನ್ನುವುದಿಷ್ಟೇ ಆಗಿತ್ತು. ಅಷ್ಟನ್ನೇ ಎಕುವಾಳಿಗೆ ತಡೆದುಕೊಳ್ಳಲಿಕ್ಕೆ ಆಗಲಿಲ್ಲ.

"ಏ, ಎಲ್ಲಿಗೇ?" ಅಂತ ಕ್ವನ್ಸಿಮಾ ಅವಳ ಬಟ್ಟೆ ಜಗ್ಗಿದಳು.

ಎಕುವಾ ಎದ್ದು ನಿಂತಾಗಿತ್ತು. ದೊಡ್ಡ ಪಾದ್ರಿ ಬೆರಳಲ್ಲಿ ಸಾಲು ಹಿಡಿದುಕೊಂಡು, ಬಾಯಿ ಮುಚ್ಚಿ, ಮುಖವೆಲ್ಲ ನಗುವಾಗಿ ಕಾದರು. ಎಕುವಾ ಬಾಯಿ ತೆರೆದಳು. ಮೊದಲ ಮಾತು "ಅಪ್ಪಾ" ಅಂತ ಬಂತು. ಎರಡನೆಯದು ಏನು ಅಂತ ಅವಳಿಗೆ ಇನ್ನೂ ಗೊತ್ತಿರಲಿಲ್ಲ.